ಗೊರಕೆಯೂ ಗಾಳಿಯಂತ್ರವೂ

ಗೊರಕೆಯನ್ನು ನಾವು ನಗೆಯ ವಸ್ತುವಾಗಿಸಿಕೊಂಡು ಬಹುಕಾಲವಾಯಿತು. ಕುಂಭಕರ್ಣನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ಹಿಮ್ಮೆಟ್ಟಿದ ಕಥೆಯನ್ನು ಕೇಳಿ ನಗದವರು ಯಾರು? ಗೊರಕೆಯೆಂದರೆ ಗಾಢನಿದ್ರೆ, ಗಾಢನಿದ್ರೆಯೆಂದರೆ ಆರೋಗ್ಯ ಎಂಬ ನಂಬಿಕೆಯೂ ನಮ್ಮ ಮನೆಗಳಲ್ಲಿ ಬೇರೂರಿದೆ. ಎಲ್ಲ ಗೊರಕೆಗೂ ಈ ನಂಬಿಕೆ ಸಲ್ಲದೆಂಬುದೇ ನನ್ನ ಅರಿಕೆ.

ಕೆಲವರ ಗೊರಕೆ ನಡುವೆ ಥಟ್ಟನೆ ನಿಲ್ಲುತ್ತದೆ. ಸದ್ಯ, ಸದ್ದಡಗಿತೆಂದು ಪಕ್ಕದಲ್ಲಿ ಮಲಗಿದವರು ಸಮಾಧಾನಪಡುವ ಆ ಗಳಿಗೆಯೇ ಅಪಾಯದ್ದು. ಸಡಿಲಗೊಂಡ ಗಂಟಲು ಕುಸಿದು ಉಸಿರಿನ ಹಾದಿ ಮುಚ್ಚಿರುತ್ತದೆ. 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಉಸಿರಿಲ್ಲ; ಬಳಿಕ ಮಿದುಳು ಬೆಚ್ಚಿ ಎಚ್ಚರಿಸಿದಾಗ ಏದುಸಿರು. ಗಂಟೆಗೆ 30 ಬಾರಿ ಅಥವಾ ಅದಕ್ಕೂ ಹೆಚ್ಚು ಸಲ ಉಸಿರಿಗೆ ಹೀಗೆ ತಡೆಯಾದರೆ ರೋಗ ತೀವ್ರವೆಂದು ವೈದ್ಯರು ಎಣಿಸುತ್ತಾರೆ. ರಾತ್ರಿಯೆಲ್ಲ ಮಲಗಿದ್ದೂ ನಿದ್ರೆಯ ಫಲವಿಲ್ಲ. ರಕ್ತದೊತ್ತಡ ಏರುತ್ತದೆ, ಹಗಲೆಲ್ಲ ತೂಕಡಿಕೆ. ಕಚೇರಿಯ ಗುಮಾಸ್ತ ತೂಕಡಿಸಿದರೆ ಕಡತ ಕಾಯಬಹುದು. ಲಾರಿಯ ಚಾಲಕ ತೂಕಡಿಸಿದರೆ ರಸ್ತೆ ಕಾಯುವುದಿಲ್ಲ.

ಹಿಂದೆ ಇದಕ್ಕೆ ಖಚಿತವಾದ ಪರಿಹಾರವೆಂದರೆ ಕತ್ತಿನಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ನಳಿಗೆಯಿಡುವುದು. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ಮೂಗಿನ ಮೂಲಕ ಸತತವಾಗಿ ಗಾಳಿಯೂದಿ ಗಂಟಲು ಕುಸಿಯದಂತೆ ತಡೆಯಬಹುದೆಂದು ಐವರು ರೋಗಿಗಳಲ್ಲಿ ಕಂಡು, 1981ರಲ್ಲಿ ಪ್ರಕಟಿಸಿದರು. ಅದೇ ಇಂದಿನ ‘ಸಿಪ್ಯಾಪ್’ ಯಂತ್ರದ ಮೂಲ. ಗುಡಾರಕ್ಕೆ ನಡುಗಂಬವಿದ್ದಂತೆ ಗಂಟಲಿಗೆ ಈ ಗಾಳಿ. ಕಂಬ ತೆಗೆದರೆ ಗುಡಾರ ಮತ್ತೆ ಕುಸಿಯುವುದರಿಂದ, ಪ್ರತಿ ರಾತ್ರಿಯೂ ಯಂತ್ರ ಬೇಕು.

ಯಂತ್ರ ಸುಖಕರವೆಂದು ನಾನು ಹೇಳಲಾರೆ. ಮುಖವಾಡ ಒತ್ತುತ್ತದೆ, ಬಾಯಿ ಒಣಗುತ್ತದೆ. ಬೆಲೆಯೂ ಬಡವನ ಕೈಗೆಟುಕುವಂಥದಲ್ಲ. ಇವಕ್ಕಿಂತ ದೊಡ್ಡ ತೊಡಕು ನಮ್ಮ ಸಂಕೋಚ. ಕನ್ನಡಕ ಧರಿಸಲು ನಾಚದವರು, ನೆಂಟರು ಬಂದ ರಾತ್ರಿ ಈ ಯಂತ್ರವನ್ನು ಬೀರುವಿನೊಳಗೆ ಬಚ್ಚಿಡುತ್ತಾರೆ. ಹೆಂಗಸರ ಪಾಡು ಇನ್ನೂ ಕಠಿಣ. ಗಂಡಸಿನ ಗೊರಕೆ ಮನೆಮಂದಿಗೆ ವಿನೋದವಾದರೆ, ಸೊಸೆಯ ಗೊರಕೆ ಆಡಬಾರದ ಮಾತು. ಹಗಲಿನ ಆಯಾಸಕ್ಕೆ ಸೋಮಾರಿಯೆಂಬ ಬಿರುದು ಬೇರೆ. ಗೊರಕೆಯನ್ನೇ ಒಪ್ಪಿಕೊಳ್ಳಲಾಗದವಳು ವೈದ್ಯರ ಮುಂದೆ ಹೇಳುವುದಾದರೂ ಏನನ್ನು?

ಈ ರೋಗವನ್ನು ಮೊದಲು ಕಾಣಬಲ್ಲವರು ಪಕ್ಕದಲ್ಲಿ ಮಲಗಿದವರು. ರೋಗಿಗೆ ತನ್ನ ಉಸಿರು ನಿಂತದ್ದು ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಆದುದರಿಂದ ಮನೆಯವರು ನಗುವುದನ್ನು ಬಿಟ್ಟು ಒಂದು ರಾತ್ರಿ ಕಿವಿಗೊಟ್ಟು ಕೇಳಲಿ. ಸಂಶಯ ಬಂದರೆ ನಿದ್ರೆಯ ಪರೀಕ್ಷೆಗೆ ಕರೆದೊಯ್ಯಲಿ. ಯಂತ್ರ ಬೇಕೆಂದಾದರೆ ಹಾಸಿಗೆಯ ಪಕ್ಕದಲ್ಲಿ ಅದಕ್ಕೊಂದು ಸ್ಥಳವನ್ನು ಸಂಕೋಚವಿಲ್ಲದೆ ಮಾಡಿಕೊಡಲಿ.