ಗೂಂಡಾ ಅಲ್ಲದ ಗೂಂಡಾ



ನಮ್ಮ ಭಾಂಡುಪಿನ ಹುಡುಗರನ್ನು ರಾಹುಲ್ ದ್ರಾವಿಡ್ ಯಾರೆಂದು ಕೇಳಿದರೆ ಥಟ್ಟನೆ ಬರುವ ಉತ್ತರ, "ಆಂಟಿ, ಇಂದಿರಾನಗರ್ ಕಾ ಗೂಂಡಾ!" ಅದು 2021ರ ಏಪ್ರಿಲ್‌ನಲ್ಲಿ ಬಂದ ಕ್ರೆಡ್ ಕಂಪೆನಿಯ ಜಾಹೀರಾತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ದ್ರಾವಿಡ್ ಸಿಟ್ಟಿನಿಂದ ಕೂಗಾಡುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆಯುತ್ತಾರೆ. ಅಂತರರಾಷ್ಟ್ರೀಯ ಆಟ ಬಿಟ್ಟು 9 ವರ್ಷವಾಗಿದ್ದ ಮನುಷ್ಯ ರಾತ್ರಿ ಬೆಳಗಾಗುವುದರೊಳಗೆ ಎಲ್ಲರ ಮೊಬೈಲಿನಲ್ಲೂ ಕಾಣಿಸಿಕೊಂಡರು. ವಿರಾಟ್ ಕೊಹ್ಲಿ ಕೂಡ, ರಾಹುಲ್ ಭಾಯಿಯ ಈ ಮುಖವನ್ನು ನೋಡಿಯೇ ಇರಲಿಲ್ಲ ಎಂದು ಟ್ವಿಟರ್‌ನಲ್ಲಿ ಬರೆದರು.

ನಾನೂ ನಕ್ಕೆ. ಆದರೆ ನಮ್ಮ ವಯಸ್ಸಿನವರಿಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಈತ ಸಿಟ್ಟಾಗುವವನಲ್ಲ ಎಂಬುದು ಗೊತ್ತಿದ್ದರೆ ತಾನೆ ಸಿಟ್ಟು ತಮಾಷೆಯಾಗುವುದು? ಆ ಒಂದು ನಿಮಿಷದ ತಮಾಷೆಗೆ 16 ವರ್ಷಗಳ ತಾಳ್ಮೆಯ ಬಂಡವಾಳವಿತ್ತು. ಟೆಸ್ಟ್‌ಗಳಲ್ಲಿ ದ್ರಾವಿಡ್ ಎದುರಿಸಿದ ಎಸೆತಗಳು 31,258. ಕ್ರಿಕೆಟ್ ಚರಿತ್ರೆಯಲ್ಲಿ ಅಷ್ಟು ಎಸೆತ ಆಡಿದವರು ಇನ್ನೊಬ್ಬರಿಲ್ಲ. 2008ರ ಸಿಡ್ನಿ ಟೆಸ್ಟ್‌ನಲ್ಲಿ 18 ರನ್ನಿಗೆ ಬಂದು ನಿಂತುಬಿಟ್ಟರು. ಸುಮಾರು 40 ಎಸೆತ ರನ್ನೇ ಇಲ್ಲ. ಕೊನೆಗೆ ಒಂದು ರನ್ ಓಡಿದಾಗ ಆಸ್ಟ್ರೇಲಿಯಾದ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಇವರು ಶತಕ ಹೊಡೆದವರಂತೆ ಬ್ಯಾಟ್ ಎತ್ತಿ ತೋರಿಸಿದರು! ತನ್ನನ್ನು ನೋಡಿ ತಾನೇ ನಗುವ ಗುಣ ಜಾಹೀರಾತಿನವರು ಕಲಿಸಿದ್ದಲ್ಲ, ನೋಡಿ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಹೊರಟಾಗ, ಕ್ರೀಡೆಯಲ್ಲಿ ಸಂಶೋಧನೆ ಮಾಡಿ ಪಡೆಯುತ್ತೇನೆಂದು ಬೇಡವೆಂದರು. 2018ರಲ್ಲಿ ಕಿರಿಯರ ವಿಶ್ವಕಪ್ ಗೆದ್ದಾಗ ಮಂಡಳಿ ಕೋಚ್‌ಗೆ 50 ಲಕ್ಷ, ಜೊತೆಗೆ ದುಡಿದ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತ್ತು. ಈ ಭೇದ ಸರಿಯಲ್ಲ ಎಂದರು ದ್ರಾವಿಡ್. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ಇವು ಯಾವುದೂ ಆ ಜಾಹೀರಾತಿನಷ್ಟು ಓಡಲಿಲ್ಲ.

ನಿಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ದ್ರಾವಿಡ್ ಹುಟ್ಟಿದ್ದು ಇಂದೋರ್‌ನಲ್ಲಿ, 1973ರಲ್ಲಿ. ಮನೆಮಾತು ಮರಾಠಿ, ಬೆಳೆದದ್ದು ಬೆಂಗಳೂರು. ತಂದೆ ಕಿಸಾನ್ ಜಾಮ್ ಕಂಪೆನಿಯಲ್ಲಿದ್ದುದರಿಂದ ಗೆಳೆಯರಿಗೆ 'ಜಾಮಿ'. ನೀವೋ, ಮನೆಯಲ್ಲಿ ಕನ್ನಡ, ಬೆಳೆದದ್ದು ಭಾಂಡುಪ್. ನಿಮ್ಮದನ್ನೇ ತಿರುಗಿಸಿಟ್ಟ ಕಥೆ!

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಅವರ ಕಾರಿಗೂ ಒಂದು ಗೂಡ್ಸ್ ಆಟೋಗೂ ತಾಗಿ ಮಾತಿಗೆ ಮಾತು ಬೆಳೆಯಿತು. ಯಾರೋ ವಿಡಿಯೋ ತೆಗೆದರು. ಗೂಂಡಾ ನಿಜವಾಗಿಯೂ ಬಂದ ಎಂದು ಊರೆಲ್ಲ ನಕ್ಕಿತು. ನಾನು ಗಮನಿಸಿದ್ದು ಬೇರೆ. ಜಾಹೀರಾತಿನ ಸಿಟ್ಟು ಹಿಂದಿಯದು. ಬೀದಿಯಲ್ಲಿ ನಿಜವಾಗಿ ಬಂದ ಸಿಟ್ಟು ಕನ್ನಡದಲ್ಲಿತ್ತು. ಸಾಲದಕ್ಕೆ ಕಲಿತ ಭಾಷೆಯಾದರೆ ಸಿಟ್ಟಿನಲ್ಲಿ ನಾಲಗೆ ತಡವರಿಸುತ್ತದೆ, ಅಲ್ಲವೇ?

ಸ್ಟೇಷನ್ ಹೊರಗೆ ರಿಕ್ಷಾದವನೊಡನೆ ಜಗಳವಾದರೆ ನೀವು ಮರಾಠಿ, ಹಿಂದಿಯಲ್ಲಿ ಗೆದ್ದು ಬರುತ್ತೀರಿ, ಸಂತೋಷ. ಮನೆಯಲ್ಲಿ ಅಮ್ಮನೊಡನೆ ಜಗಳವಾಡುವಾಗ ನಿಮ್ಮ ಬಾಯಿಗೆ ಬರುವುದು ಯಾವ ಭಾಷೆ? ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳುಹಿಸಿ. ಕಾಗುಣಿತ ತಪ್ಪಿದ್ದರೆ ಇರಲಿ, ನಾನು ತಿದ್ದಿಕೊಳ್ಳುತ್ತೇನೆ.