ಸೋಂಕಿದವರನ್ನು ಬಿಟ್ಟು ಓಡುವ ಆಟ

ಈಚೆಗೆ ಒಂದು ಭಾನುವಾರ ಬಿಬವೇವಾಡಿಯ ಖಾಲಿ ಗೋದಾಮೊಂದರಲ್ಲಿ ನಾನು ಸತ್ತೆ. ಹಣ ಕೊಟ್ಟೇ ಸತ್ತೆ. ಮೊಮ್ಮಗಳ ಹಟಕ್ಕೆ ಮಣಿದು, ಜಾಂಬಿಗಳಿಂದ ಪಾರಾಗುವ ಆಟಕ್ಕೆ ಹೋಗಿದ್ದೆ. ಮುಖಕ್ಕೆ ಬೂದಿಬಣ್ಣ, ಹರಕು ಅಂಗಿಗೆ ಕೆಂಪು ಬಣ್ಣ ಬಳಿದುಕೊಂಡ ಹುಡುಗರು ಕತ್ತಲಿನಿಂದ ತೆವಳುತ್ತ ಬರುತ್ತಾರೆ. ಆಟಿಕೆ ಬಂದೂಕು ಹಿಡಿದ ನಾವು ಸಂಜೆಯವರೆಗೆ ಬದುಕಿ ಉಳಿಯಬೇಕು. ಮೇಲ್ವಿಚಾರಕನು ಎರಡು ಸಲ ಸಾರಿದ ನಿಯಮವಿದು: ಸೋಂಕು ತಗುಲಿದವನು ಇನ್ನು ನಿಮ್ಮವನಲ್ಲ, ಗುಂಡು ಹಾರಿಸಿ, ಇಲ್ಲವೇ ಬಿಟ್ಟು ಓಡಿ. ಮೊಣಕಾಲು ನೋವಿನ ನಾನೇ ಮೊದಲು ಸಿಕ್ಕಿಬಿದ್ದೆ. ಮೊಮ್ಮಗಳು ಗುರಿಯಿಟ್ಟು ನನ್ನನ್ನು ಕೊಂದು ಚಪ್ಪಾಳೆ ಗಿಟ್ಟಿಸಿಕೊಂಡಳು.

ನಗಬೇಕಾದ ಪ್ರಸಂಗವೇ, ನಾನೂ ನಕ್ಕೆ. ಆದರೆ ಈ ಸಲದ ವಾರ್ಷಿಕ ವಿಹಾರಕ್ಕೆ ಸಂಘದ ಮಕ್ಕಳನ್ನೆಲ್ಲ ಅಲ್ಲಿಗೇ ಕರೆದೊಯ್ಯೋಣವೆಂಬ ಸಲಹೆ ಕೇಳಿಬಂದಾಗ ನನ್ನ ನಗು ಅಡಗಿತು. ಆ ಸಲಹೆಯನ್ನು ನಾನು ವಿರೋಧಿಸುತ್ತೇನೆ.

ಹೆದರಿಕೆಯ ಆಟವೇ ತಪ್ಪೆಂದು ನನ್ನ ವಾದವಲ್ಲ. ಬೇತಾಳನ ಕತೆ ಕೇಳಿ ಬೆಳೆದವರು ನಾವು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಮಾತಿನಿಂದಲೇ ಹಿಂದಕ್ಕೆ ಕಳುಹಿಸಿದ ನಾಡು ನಮ್ಮದು. ತುಳುನಾಡಿನ ಭೂತವಂತೂ ದೂರು ಕೇಳಿ ನ್ಯಾಯ ಹೇಳುತ್ತದೆ. ಜಾಂಬಿಗೆ ಮಾತಿಲ್ಲ, ಹೆಸರಿಲ್ಲ; ಎಂದೇ ಅದನ್ನು ಕೊಂದರೆ ಪಾಪವೂ ಇಲ್ಲ.

ಹುಟ್ಟಿನಲ್ಲಿ ಜಾಂಬಿ ಹೀಗಿರಲಿಲ್ಲ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿದ ಹೈಟಿಯ ಗುಲಾಮರ ಲೋಕದಿಂದ ಬಂದ ಕಲ್ಪನೆ ಅದು. ಸತ್ತ ಮೇಲೂ ಒಡೆಯನ ಚಾಕರಿ ತಪ್ಪದೆಂಬ ಭಯ ಅದರೊಳಗಿತ್ತು. ಅಮೆರಿಕದ ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ತರುವಾಯ ಅದು ನರಭಕ್ಷಕರ ಗುಂಪಾಯಿತು. ಕನಿಕರಕ್ಕೆ ಪಾತ್ರನಾಗಿದ್ದ ಗುಲಾಮ ಹೀಗೆ ಗುಂಡಿಗೆ ಗುರಿಯಾದ. ಅದೇ ಸರಕು ಈಗ ಗೋದಾಮಿನಲ್ಲಿ ನಮಗೆ ಮಾರಾಟವಾಗುತ್ತಿದೆ.

ಈ ಸರಕನ್ನು ಬೇರಾರು ಕೊಂಡರೂ ಹೊರನಾಡ ಕನ್ನಡಿಗರು ಕೊಳ್ಳುವ ಮುನ್ನ 2020ನೇ ಇಸವಿಯನ್ನು ನೆನೆಯಬೇಕು. ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಅದೇ ಮಾರ್ಚ್ 9ರಂದು ಪತ್ತೆಯಾದದ್ದು ಪುಣೆಯಲ್ಲಿ. ಮೇ 18ರಂದು ಕರ್ನಾಟಕ ಸರಕಾರವು, ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ‘ಬಂದೀರಿ ಜೋಕೆ, ಈಗ ಬರಬೇಡಿ’ ಎಂದು ಊರಿನ ದಾಯಾದಿಗಳಿಂದ ದೂರವಾಣಿ ಬಂದುದನ್ನು ನಾನು ಮರೆತಿಲ್ಲ. ರೋಗದ ಭಯ ಸುಳ್ಳಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ತವರಿನ ಕಣ್ಣಿಗೆ ಅಂದು ನಾವೇ ಜಾಂಬಿಗಳಾಗಿದ್ದೆವು. ಜ್ವರದಿಂದ ಮಲಗಿದ್ದ ನಮ್ಮಿಬ್ಬರ ಬಾಗಿಲಿಗೆ ಹದಿನಾಲ್ಕು ದಿನ ಅನ್ನ, ಆಮಟಿ ತಂದಿಟ್ಟವರು ಎದುರುಮನೆಯ ಮರಾಠಿ ದಂಪತಿಗಳು. ಆಟದ ನಿಯಮವನ್ನು ಅವರು ಪಾಲಿಸಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿರಲಿಲ್ಲ.

ಇದು ಬರಿಯ ಆಟ, ಇದಕ್ಕೇಕೆ ಇಷ್ಟು ಗಾಂಭೀರ್ಯವೆಂದು ಯುವಕರು ಕೇಳುತ್ತಾರೆ. ಕಣ್ಣಾಮುಚ್ಚಾಲೆಯೂ ಆಟವೇ; ಅಲ್ಲಿ ಸಿಕ್ಕಿಬಿದ್ದವನು ಮುಂದಿನ ಸುತ್ತಿನಲ್ಲಿ ಹುಡುಕುವವನಾಗುತ್ತಾನೆ, ಹೊಲೆಗೆಟ್ಟವನಾಗುವುದಿಲ್ಲ. ಕೈಬಿಡುವುದನ್ನು ಮತ್ತೆ ಮತ್ತೆ ಆಡಿ ರೂಢಿಸಿಕೊಂಡ ಮಕ್ಕಳಿಗೆ ಕೈಹಿಡಿಯುವುದನ್ನು ಯಾವ ವಿಹಾರದಲ್ಲಿ ಕಲಿಸೋಣ?

ಇದಕ್ಕೆ ಪುಣೆಯ ನೆಲದಲ್ಲೇ ಪಾಠವಿದೆ. 1897ರ ಪ್ಲೇಗಿನಲ್ಲಿ, ಮುಂಢವಾ ಊರಾಚೆಯ ಮಹಾರರ ಕೇರಿಯಲ್ಲಿ ಸೋಂಕು ತಗುಲಿದ್ದ ಬಾಲಕನೊಬ್ಬನನ್ನು ಸಾವಿತ್ರಿಬಾಯಿ ಫುಲೆಯವರು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಆಗ ಅವರಿಗೆ 66 ವರ್ಷ. ಸೋಂಕು ಅವರಿಗೂ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು. ಗೋದಾಮಿನ ಲೆಕ್ಕದಲ್ಲಿ ಸೋತವರು ಆಕೆ. ಈ ನಗರದ ಲೆಕ್ಕದಲ್ಲಿ ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಆಟ ಬೇಕೇ ಬೇಕೆಂದಾದರೆ ನಿಯಮವನ್ನು ತಿರುವಿಹಾಕೋಣ: ಬಿದ್ದವರನ್ನು ಹೊತ್ತು ತಂದ ತಂಡಕ್ಕೇ ಜಯ. ಅಂಥ ಆಟದಲ್ಲಿ ಮತ್ತೊಮ್ಮೆ ಮೊದಲಿಗನಾಗಿ ಬೀಳಲು ನನ್ನ ಮೊಣಕಾಲುಗಳು ಸಿದ್ಧವಾಗಿವೆ.