ಬರ ಘೋಷಣೆಯಾಗುವವರೆಗೆ ದನ ಏನು ತಿನ್ನಬೇಕು?



ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಸೀಮೆಯ ದನ ಕಾಯುವವರ ಪರವಾಗಿ ಒಂದು ಮಾತು ಕೇಳಲು ಬಂದಿದ್ದೇನೆ. ಮೇವಿಗಾಗಿ ಬೇಡಿದರೆ ಇಲ್ಲವೆನ್ನುವ ಜನ ನೀವಲ್ಲ, ಅದು ಗೊತ್ತಿದೆ. 2017ರ ಬೇಸಿಗೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ದನ ಸಾಯುತ್ತಿವೆ ಎಂದು ಸುದ್ದಿಯಾದಾಗ ಮಠಗಳವರು, ಕಾಲೇಜು ಹುಡುಗರು, ಊರೂರಿನ ಸಂಘದವರು ಲಾರಿಗಟ್ಟಲೆ ಹುಲ್ಲು ಕಳಿಸಿದ್ದನ್ನು ನಾಡು ನೋಡಿದೆ. ಆದರೆ ಆ ಹುಲ್ಲು ಬೆಟ್ಟ ಹತ್ತುವ ಹೊತ್ತಿಗೆ ಎಷ್ಟೋ ಕೊಟ್ಟಿಗೆಗಳು ಖಾಲಿಯಾಗಿದ್ದವು. ನಾನು ಕೇಳುತ್ತಿರುವುದು ಅದೇ ಹುಲ್ಲನ್ನು, ಎಂಟು ತಿಂಗಳು ಮೊದಲು. ಮುಂಗಾರು ಮುಖ ತಿರುಗಿಸಿದ ಜೂನ್‌ನಲ್ಲಿ, ಹೆಚ್ಚೆಂದರೆ ಜುಲೈ ಮೊದಲ ವಾರದಲ್ಲಿ.

ಇಷ್ಟು ಅವಸರ ಏಕೆಂದು ಕೇಳಬಹುದು. ನಮ್ಮದು ಶೇಂಗಾ ಸೀಮೆ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ ಚಳ್ಳಕೆರೆಯೂ ಒಂದು. ದೀಪಾವಳಿಯ ಆಸುಪಾಸಿನಲ್ಲಿ ಶೇಂಗಾ ಕಿತ್ತು ಕಾಯಿ ಬಿಡಿಸಿದ ಮೇಲೆ ಉಳಿಯುವ ಹೊಟ್ಟನ್ನು ಬಣವೆ ಒಟ್ಟುತ್ತೇವೆ. ಅದರ ಜೊತೆಗೆ ಅಷ್ಟಿಷ್ಟು ರಾಗಿ ಹುಲ್ಲು, ಜೋಳದ ಸಪ್ಪೆ. ಒಳ್ಳೆಯ ವರ್ಷದಲ್ಲೂ ಆ ಬಣವೆ ಮುಂದಿನ ಮುಂಗಾರಿನವರೆಗೆ ಎಳೆದರೆ ಹೆಚ್ಚು. ಭರಣಿ, ಕೃತ್ತಿಕೆಯಲ್ಲಿ ಒಂದೆರಡು ಹದ ಮಳೆ ಬಿದ್ದರೆ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಹಸಿರು ಚಿಗುರುತ್ತದೆ, ಬಣವೆಯ ಬುಡ ಕಾಣುವಷ್ಟರಲ್ಲಿ ದನ ಹೊರಗೆ ಮೇಯಲು ಹೋಗುತ್ತವೆ. ಹಳೆಯ ಮೇವು ಮುಗಿದು ಹೊಸ ಮೇವು ಶುರುವಾಗುವ ಈ ಸಂದಿಯಲ್ಲೇ ಮಳೆ ಕೈಕೊಟ್ಟರೆ ಎರಡೂ ಕಡೆಯಿಂದ ಕೈ ಬರಿದು. ಹಿಂಗಾರು ಹೋದ ವರ್ಷ ಫೆಬ್ರುವರಿಯಲ್ಲಿ ಕಷ್ಟ ಬರುತ್ತದೆ, ಆದರೆ ಆಗ ಮನೆಯ ಹಿತ್ತಲಲ್ಲಿ ಬಣವೆಯಾದರೂ ಇರುತ್ತದೆ. ಮುಂಗಾರಿನ ಆರಂಭದಲ್ಲೇ ಬಂದ ಬರಕ್ಕೆ ಅಂಥ ಆಸರೆಯೇ ಇಲ್ಲ. ಮೇಲಿಂದ, ಜೂನ್ ಕೊನೆ–ಜುಲೈನಲ್ಲಿ ಶೇಂಗಾ ಬಿತ್ತನೆಯಾಗದಿದ್ದರೆ ಆ ವರ್ಷದ ಹೊಟ್ಟೂ ಇಲ್ಲ. ಅಂದರೆ ಒಂದು ತಿಂಗಳ ಮಳೆ ಹೋದರೆ ಮೇವು ಹೋಗುವುದು ಹದಿನೆಂಟು ತಿಂಗಳಿಗೆ.

2023 ನೆನಪಿಸಿಕೊಳ್ಳಿ. ಆ ಜೂನ್‌ನಲ್ಲಿ ರಾಜ್ಯದ ಮಳೆ ವಾಡಿಕೆಗಿಂತ ಅರ್ಧಕ್ಕೂ ಹೆಚ್ಚು ಕಡಿಮೆಯಾಯಿತು. ಜುಲೈನಲ್ಲಿ ಜೋರಾಗಿ ಬಂದು ಆಸೆ ಹುಟ್ಟಿಸಿತು. ಆಗಸ್ಟ್‌ನಲ್ಲಿ ಮುಕ್ಕಾಲು ಪಾಲು ಬರಲೇ ಇಲ್ಲ. ಸರ್ಕಾರ ಮೊದಲ ಪಟ್ಟಿಯಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದದ್ದು ಸೆಪ್ಟೆಂಬರ್‌ನಲ್ಲಿ. ಮುಂದೆ ಅದು 236ರಲ್ಲಿ 223 ತಾಲ್ಲೂಕಿಗೆ ಏರಿತು. ಕೇಂದ್ರದ ಪರಿಹಾರ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲ್ ಕೊನೆಯಲ್ಲಿ. ಯಾವ ಪಕ್ಷ, ಯಾವ ಸರ್ಕಾರ ಎಂಬ ಜಗಳ ಇಲ್ಲಿ ಬೇಡ. ಮಳೆ ತಪ್ಪಿದ ಜೂನ್‌ಗೂ ಹಣ ಬಂದ ಏಪ್ರಿಲ್‌ಗೂ ನಡುವೆ ಹತ್ತು ತಿಂಗಳು. ಹೊಟ್ಟೆ ಹತ್ತು ತಿಂಗಳು ಕಾಯುವುದಿಲ್ಲ.

ಘೋಷಣೆ ತಡವಾಗಲು ಕಾರಣ ಬರೀ ಸೋಮಾರಿತನವೂ ಅಲ್ಲ. 2016ರ ಕೇಂದ್ರದ ಬರ ಕೈಪಿಡಿಯ ಪ್ರಕಾರ ಮಳೆ ಕೊರತೆ, ಒಣ ವಾರಗಳ ಲೆಕ್ಕ, ಬಿತ್ತನೆಯ ಪ್ರಮಾಣ, ಉಪಗ್ರಹ ತೋರಿಸುವ ಹಸಿರು, ಮಣ್ಣಿನ ತೇವ ಎಲ್ಲ ನೋಡಬೇಕು, ಆಮೇಲೆ ಶೇಕಡ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲದಲ್ಲಿ ನಿಂತು ತಾಳೆ ಹಾಕಬೇಕು. ಬೆಳೆಯ ಪರಿಹಾರಕ್ಕೆ ಈ ಕ್ರಮ ಸರಿಯೇ ಇರಬಹುದು. ದನದ ವಿಷಯದಲ್ಲಿ ಮಾತ್ರ ಇದು ಅಳತೆ ತಪ್ಪಿದ ನಿಯಮ. ಬೆಳೆ ನಷ್ಟವನ್ನು ನವೆಂಬರ್‌ನಲ್ಲೂ ಅಳೆಯಬಹುದು, ಜುಲೈನಲ್ಲಿ ಸಂತೆಗೆ ಹೋದ ಎತ್ತನ್ನು ನವೆಂಬರ್‌ನಲ್ಲಿ ಅಳೆಯಲಾಗದು.

ಸಂತೆಯ ಕಥೆಯೂ ಕೇಳಿ. ಮೇವಿಲ್ಲವೆಂದು ಎಲ್ಲರೂ ಒಂದೇ ವಾರ ದನ ಹೊಡೆದುಕೊಂಡು ಹೋಗುತ್ತಾರೆ. ಕೊಳ್ಳುವವರಿಲ್ಲ, ದಲ್ಲಾಳಿ ಹೇಳಿದ್ದೇ ಬೆಲೆ. ಆಮೇಲೆ ಒಂದು ಹದ ಮಳೆ ಬಿದ್ದರೆ ಎಲ್ಲರಿಗೂ ಏಕಕಾಲಕ್ಕೆ ಎತ್ತು ಬೇಕು, ಆಗ ಅದೇ ಜೋಡಿ ಕೈಗೆಟುಕುವುದಿಲ್ಲ. ಬಾಡಿಗೆ ಟ್ರ್ಯಾಕ್ಟರಿನ ಸರದಿ ಕಾಯುವಷ್ಟರಲ್ಲಿ ಬಿತ್ತನೆಯ ಹದ ಆರಿಹೋಗುತ್ತದೆ. ಹಸುವಿನದು ಇನ್ನೊಂದು ಬಗೆಯ ನಷ್ಟ, ಕಣ್ಣಿಗೆ ಕಾಣದ್ದು. ಮೈ ಇಳಿದ ಹಸು ಬೆದೆಗೆ ಬರುವುದಿಲ್ಲ. ಈ ಮಳೆಗಾಲದಲ್ಲಿ ಗಬ್ಬ ನಿಲ್ಲದ ಹಸು ಮುಂದಿನ ವರ್ಷ ಕರು ಹಾಕುವುದಿಲ್ಲ, ಡೇರಿಯಿಂದ ಬರುವ ಬಟವಾಡೆ ನಿಂತುಹೋಗುತ್ತದೆ. ಮಳೆ ಚೆನ್ನಾಗಿ ಬಂದ ವರ್ಷವೂ ಆ ಮನೆಯಲ್ಲಿ ಬರವೇ. ಜೂನ್‌ನಲ್ಲಿ ಕೊಟ್ಟ ಒಂದು ಹೊರೆ ಹುಲ್ಲಿಗೂ ಮಾರ್ಚ್‌ನಲ್ಲಿ ಕೊಟ್ಟ ಒಂದು ಹೊರೆಗೂ ತೂಕ ಒಂದೇ, ಫಲ ಒಂದೇ ಅಲ್ಲ.

ಹಸಿದ ದನಕ್ಕೆ ಇನ್ನೊಂದು ಅಪಾಯ ಹೊಲದಲ್ಲೇ ಕಾದಿರುತ್ತದೆ. ಮಳೆಯಿಲ್ಲದೆ ಮೊಳಕಾಲುದ್ದಕ್ಕೇ ಬಾಡಿ ನಿಂತ ಜೋಳದಲ್ಲಿ ಸಯನೈಡ್ ವಿಷ ಏರಿರುತ್ತದೆ. ಒಣಗಿದ ಮೇಲೆ ಒಂದು ಮಳೆ ಬಿದ್ದು ಮರಿ ಒಡೆದ ಚಿಗುರಿನಲ್ಲಂತೂ ಇನ್ನೂ ಹೆಚ್ಚು. ಹೊಟ್ಟೆ ತುಂಬಿದ ದನ ಬಾಯಾಡಿಸಿ ಬಿಡಬಹುದು. ಹಸಿದದ್ದು ಗಬಗಬನೆ ಮೇಯುತ್ತದೆ, ನಿಮಿಷಗಳಲ್ಲಿ ಏದುಸಿರು ಬಿಟ್ಟು ಬೀಳುತ್ತದೆ. ಮದ್ದಿದೆ, ಪಶುವೈದ್ಯರು ರಕ್ತನಾಳಕ್ಕೆ ಚುಚ್ಚಬೇಕು, ಅವರು ಹಳ್ಳಿ ತಲುಪುವವರೆಗೆ ಜೀವ ಹಿಡಿದಿರಬೇಕು. ಓದುವವರಲ್ಲಿ ರೈತರಿದ್ದರೆ ದಯವಿಟ್ಟು ಬಾಡಿದ ಎಳೆ ಜೋಳಕ್ಕೆ ದನ ಬಿಡಬೇಡಿ.

ಈ ಸೀಮೆಯಲ್ಲಿ ದನ ಕಾಯುವವರೆಂದರೆ ಹಾಲು ಕರೆಯುವವರು ಮಾತ್ರವೇ ಅಲ್ಲ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಬುಡಕಟ್ಟಿನ ದೇವರ ಹೆಸರಿಗೆ ಬಿಟ್ಟ ದನ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಸಂತೆಗೆ ಒಯ್ಯುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಕಾಯುವ ಕಿಲಾರಿಗಳು ಹಿಂಡಿನ ಜೊತೆಗೇ ಬಯಲಲ್ಲಿ ಬದುಕುತ್ತಾರೆ. ಆದಾಯವಿಲ್ಲದ ಹಿಂಡು ಸಾಕುವುದೇಕೆ ಎಂದು ಪೇಟೆಯವರು ಕೇಳುತ್ತಾರೆ. ದೇವಸ್ಥಾನದ ಗೋಪುರಕ್ಕೆ ಚಿನ್ನದ ಕಳಶ ಇಡುವವರನ್ನು ಯಾರೂ ಹಾಗೆ ಕೇಳಿದ್ದು ನಾನು ಕಂಡಿಲ್ಲ.

ಮೊದಲು ಈ ಹಿಂಡುಗಳು ಬರವನ್ನು ದಾಟುತ್ತಿದ್ದ ದಾರಿ ಬೇರೆಯಿತ್ತು. ನಡೆದು ಹೋಗುವುದು. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತಲ್ಲ, ಆಗ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನೇ ವಿಂಗಡಿಸಿದ್ದರು. ಒಂದು ಕಡೆ ಮಳೆಯಿಲ್ಲದಿದ್ದರೆ ಹಿಂಡು ಇನ್ನೊಂದು ಕಡೆಗೆ. ಸುತ್ತಲಿನ ಹಳ್ಳಿಗಳ ದನವೂ ಕುರಿಯೂ ಅದೇ ಬಯಲನ್ನು ನೆಚ್ಚಿದ್ದವು. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಆ ಕಾವಲುಗಳಲ್ಲಿ ಇಂದು ಒಂದು ಲಕ್ಷ ಎಕರೆಯೂ ಉಳಿದಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲೇ ಕುದಾಪುರ, ವರವು, ಉಳ್ಳಾರ್ತಿ ಕಡೆಯ ಕಾವಲುಗಳನ್ನು 2009–10ರ ಹೊತ್ತಿಗೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊಗಳಿಗೆ ಹಂಚಲಾಯಿತು. ಡಿಆರ್‌ಡಿಒಗೆ 4,290 ಎಕರೆ, ವಿಜ್ಞಾನ ಸಂಸ್ಥೆಗೆ 1,500 ಎಕರೆ, ಹೀಗೆ. ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಯಿತು, ಗೋಡೆ ಎದ್ದಿತು. ವಿಜ್ಞಾನ ಬೇಡವೆನ್ನುವ ಮೂರ್ಖ ನಾನಲ್ಲ. ಬಯಲು ಖಾಲಿ ಬಿದ್ದಿದೆ ಎಂದುಕೊಂಡವರಿಗೆ ಅದು ದನದ ಬರಗಾಲದ ಉಗ್ರಾಣವಾಗಿತ್ತು ಎಂದು ತಿಳಿಸುತ್ತಿದ್ದೇನೆ, ಅಷ್ಟೆ. ಉಗ್ರಾಣ ಹೋದ ಮೇಲೆ ಹಿಂಡು ನಡೆದು ಮೇವಿನ ಬಳಿಗೆ ಹೋಗಲಾರದು. ಮೇವೇ ಹಿಂಡಿನ ಬಳಿಗೆ ಬರಬೇಕು.

ಮಾರಿಬಿಡಲಿ, ಸಂಖ್ಯೆ ಇಳಿಸಲಿ ಎನ್ನುವ ಉಪದೇಶವೂ ಕಿವಿಗೆ ಬೀಳುತ್ತದೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ಬಳಿಕ ಮುದಿ ದನಕ್ಕೆ ಕೊಳ್ಳುವವರು ಎಲ್ಲಿದ್ದಾರೆ? ಕಾಯ್ದೆ ಸರಿಯೋ ತಪ್ಪೋ, ನಿಮ್ಮ ನಿಲುವು ನಿಮಗಿರಲಿ. ಮಾರುವ ಬಾಗಿಲನ್ನು ಕಾನೂನಿನಿಂದ ಮುಚ್ಚಿದ ಸಮಾಜ ಮೇವಿನ ಖರ್ಚನ್ನು ಮಾತ್ರ ಬಡವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗಾದರೆ ಹುಲ್ಲು ಎಲ್ಲಿಂದ? ಇಲ್ಲೇ ಪಕ್ಕದಲ್ಲಿದೆ. ಭದ್ರಾ ಅಚ್ಚುಕಟ್ಟಿನ ದಾವಣಗೆರೆ, ಹರಿಹರದ ಕಡೆ, ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಬೇಸಿಗೆ ಭತ್ತದ ಕೊಯ್ಲು ಮುಗಿಯುವುದು ಮೇ ತಿಂಗಳ ಹೊತ್ತಿಗೆ, ನಮಗೆ ಬೇಕಾದ ಸಮಯಕ್ಕೇ. ಕಟಾವು ಯಂತ್ರ ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗುತ್ತದೆ, ಆಯಲು ಕೂಲಿ ಗಿಟ್ಟುವುದಿಲ್ಲ, ಮುಂದಿನ ನಾಟಿಗೆ ಗದ್ದೆ ತೆರವಾಗಬೇಕು, ಬೆಂಕಿ ಇಡುತ್ತಾರೆ. ದಾವಣಗೆರೆಯಿಂದ ಚಳ್ಳಕೆರೆಗೆ ಸುಮಾರು 90 ಕಿಲೋಮೀಟರ್. ಅಲ್ಲಿ ಹೊಗೆ, ಇಲ್ಲಿ ಹಸಿವು. ಅಚ್ಚುಕಟ್ಟಿನ ಅಣ್ಣಂದಿರೇ, ಬೆಂಕಿ ಇಡುವ ಮುನ್ನ ನಿಮ್ಮ ಸಹಕಾರ ಸಂಘಕ್ಕೆ ಒಂದು ಮಾತು ಹೇಳಿ. ಹುಲ್ಲು ಸುತ್ತಿ ಕಟ್ಟುವ ಬೇಲರ್ ಯಂತ್ರ ಬಾಡಿಗೆಗೆ ಸಿಗುತ್ತದೆ, ಅದರ ಖರ್ಚು ನೀವು ಹೊರಬೇಕಿಲ್ಲ. ಇನ್ನೊಂದು ಮಾತನ್ನೂ ಮರೆಯಬೇಡಿ: ಮಲೆನಾಡಿನಲ್ಲೂ ಮಳೆ ಹೋದರೆ ಜಲಾಶಯ ತುಂಬುವುದಿಲ್ಲ, ಕಾಲುವೆಗೆ ನೀರು ಬಿಡುವುದೇ ಅನುಮಾನ. ಮೇನಲ್ಲಿ ಸುಟ್ಟ ಹುಲ್ಲೇ ಆ ವರ್ಷದ ಕೊನೆಯ ಹುಲ್ಲಾಗಿರಬಹುದು, ನಿಮ್ಮ ಕೊಟ್ಟಿಗೆಗೂ.

ಖರ್ಚು ಹೊರಬೇಕಾದವರು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಓದುಗರು. ಒಂದು ದನಕ್ಕೆ ಜೀವ ಹಿಡಿಯಲು ದಿನಕ್ಕೆ ಐದಾರು ಕಿಲೋ ಒಣ ಮೇವು ಬೇಕು. 200 ದನದ ಹಿಂಡಿಗೆ ದಿನಕ್ಕೆ ಒಂದು ಟನ್ನಿಗೂ ಮೇಲೆ. ಬಿಡಿ ಹುಲ್ಲು ಹೇರಿದ ಲಾರಿ ಮನೆಯಷ್ಟು ಎತ್ತರ ಕಂಡರೂ ತೂಕಕ್ಕೆ ನಾಲ್ಕೈದು ಟನ್ ದಾಟುವುದು ಕಷ್ಟ, ನಾಲ್ಕು ದಿನಕ್ಕೆ ಮುಗಿಯಿತು. ಆದ್ದರಿಂದ ಹುಲ್ಲಿಗಿಂತ ಕಟ್ಟುವ ಕೂಲಿ, ಲಾರಿ ಬಾಡಿಗೆಯೇ ಭಾರ. ನೀವು ಕೊಡಬೇಕಾದದ್ದು ಅದನ್ನು. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಲಾಡು, ಹಳಸಿದ ಬ್ರೆಡ್ಡು ತಂದು ಸುರಿಯಬೇಡಿ. ಹಸಿದ ದನದ ಹೊಟ್ಟೆಯಲ್ಲಿ ಅದು ಹುಳಿಯೆದ್ದು ಪ್ರಾಣ ತೆಗೆಯುತ್ತದೆ. ಬೂಸ್ಟು ಹಿಡಿದ ಹುಲ್ಲೂ ಬೇಡ. ಬಾಳೆಹಣ್ಣು ತಿನ್ನಿಸಿ ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದರೆ ತೆಗೆಸಿಕೊಳ್ಳಿ, ಲಾರಿಯ ಬಾಡಿಗೆ ಕೊಟ್ಟ ಮೇಲೆ.

ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಒಪ್ಪುತ್ತೇನೆ. ಅದಕ್ಕೆ ಉಪಾಯವಿದೆ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೂರು ವಾರ ಬಿಡಬೇಕು. ತೆಗೆದು ಸ್ವಲ್ಪ ಹೊತ್ತು ಹರವಿ, ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಕೂಡದು, ಯೂರಿಯಾ ನೀರಿನ ಬಾನಿಗೆ ಯಾವ ದನವೂ ಬಾಯಿ ಹಾಕಬಾರದು. ಮೊದಲ ಸಲ ಮಾಡುವಾಗ ಪಶುವೈದ್ಯರು ಜೊತೆಗಿರಲಿ. ಇದಕ್ಕೂ ಮೂರು ವಾರ ಬೇಕು ನೋಡಿ. ಗೊಂತಿನಲ್ಲಿ ಬಿದ್ದ ದನಕ್ಕೆ ಆ ಮೂರು ವಾರ ಇರುವುದಿಲ್ಲ.

ಜಿಲ್ಲಾಡಳಿತದ ಹಿರಿಯರಲ್ಲಿ ಒಂದೇ ಕೋರಿಕೆ: ಮೇವಿನ ಬ್ಯಾಂಕು ತೆರೆಯಲು ಬರ ಘೋಷಣೆಯ ಆದೇಶಕ್ಕೆ ಕಾಯಬೇಡಿ. ಮೃಗಶಿರ ಮುಗಿದರೂ ಕಾವಲಿನಲ್ಲಿ ಹಸಿರು ಕಾಣದಿದ್ದರೆ ಅದೇ ಆದೇಶವೆಂದು ತಿಳಿಯಿರಿ. ಎಲ್ಲ ಹೋಬಳಿಗೂ ಏಕಕಾಲಕ್ಕೆ ಆಗದಿದ್ದರೆ ದೇವರ ಎತ್ತಿನ ಹಿಂಡುಗಳಿರುವ ಕಡೆಯಿಂದ ಶುರುವಾಗಲಿ, ಅವಕ್ಕೆ ಸಂತೆಯ ದಾರಿಯೂ ಇಲ್ಲ.

ಓದುಗರೇ, ಒಬ್ಬೊಬ್ಬರಾಗಿ ಆಗದ ಕೆಲಸವಿದು. ನಿಮ್ಮ ಬೀದಿಯವರು, ಕಚೇರಿಯವರು, ಹಳೆಯ ವಿದ್ಯಾರ್ಥಿಗಳ ಸಂಘದವರು ಹತ್ತು ಮಂದಿ ಸೇರಿ ಒಂದು ಲಾರಿಯ ಬಾಡಿಗೆ ಕೂಡಿಸಿಡಿ. ಯಾವ ಹಟ್ಟಿಗೆ ಮೊದಲು ಬೇಕು ಎಂಬುದನ್ನು ಆಯಾ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಹುಲ್ಲನ್ನು ಹಟ್ಟಿಯವರ ಕೈಗೇ ಇಳಿಸಿ, ಎಷ್ಟು ಬಂತೆಂದು ಅವರಿಂದ ಬರೆಸಿಕೊಳ್ಳಿ. ಮಳೆ ಸಕಾಲಕ್ಕೆ ಬಂದರೆ ಕೂಡಿಸಿದ ಹಣ ನಿಮ್ಮಲ್ಲೇ ಇರಲಿ, ಮುಂದಿನ ವರ್ಷಕ್ಕಾಯಿತು. ಬಾರದಿದ್ದರೆ, ಜೂನ್ ಮುಗಿಯುವ ಮೊದಲು ಲಾರಿ ಹೊರಡಿಸಿ.